ತಮ್ಮ ಸೈಕಲ್ ರೇಸಲ್ಲೇ ಜೀವನ ಮಾಡ್ತೀನಿ ಅಂತಿದಾನೆ, ಗೊತ್ತಿರೋರು ಹೇಳಿ

ಕೈಮರ ಹುಡ್ಗ:
ನಮಸ್ಕಾರ ಎಲ್ರಿಗೂ. ನಮ್ದು ಚಿಕ್ಕಮಗಳೂರು. ನನ್ನ ತಮ್ಮ ಸೆಕೆಂಡ್ ಪಿಯುಸಿ ಮುಗ್ಸಿದಾನೆ, 18 ತುಂಬ್ತು. ದಿನಾ ಐದಕ್ಕೆ ಎದ್ದು ಮಂಜಲ್ಲೇ ಕೈಮರ ದಾಟಿ ಸೀತಾಳಯ್ಯನಗಿರಿ ಹತ್ತಿಸ್ಕೊಂಡು ಬರ್ತಾನೆ, ವಾಪಸ್ ಬರೋಷ್ಟರಲ್ಲಿ ಬೆರಳೆಲ್ಲ ಮರಗಟ್ಟಿ ಹೆಲ್ಮೆಟ್ ಬಕಲ್ ಬಿಚ್ಚೋಕೂ ಆಗಲ್ಲ, ಅಮ್ಮನೇ ಬಿಚ್ಬೇಕು. ಈಗ ಡಿಗ್ರಿ ಬೇಡ, ಯುರೋಪಿಗೆ ಹೋಗಿ ಪ್ರೊಫೆಶನಲ್ ಆಗ್ತೀನಿ ಅಂತ ಕೂತಿದಾನೆ. ಅಪ್ಪ ಅವನ ಹತ್ರ ಮಾತೇ ಬಿಟ್ಟಿದಾರೆ. ನಿಜವಾಗ್ಲೂ ಇದ್ರಲ್ಲಿ ಜೀವನ ಇದ್ಯಾ? 18ಕ್ಕೆ ಲೇಟಾಯ್ತಾ?

ಹಾಸನದ ಪೆಡಲ್:
ಲೇಟ್ ಏನಿಲ್ಲ ಮಾರಾಯ್ರೆ. ಸ್ಲೊವೇನಿಯಾದ ರೋಗ್ಲಿಚ್ ಮೊದ್ಲು ಸ್ಕೀ ಜಂಪಿಂಗ್ ಮಾಡ್ತಿದ್ದೋರು, 20 ದಾಟಿದ ಮೇಲೆ ರೇಸಿಗೆ ಬಂದು ಸ್ಪೇನಿನ ಮೂರು ವಾರದ ರೇಸು ವುಯೆಲ್ಟಾನ ನಾಲ್ಕು ಸಲ ಗೆದ್ರು. ಡೆನ್ಮಾರ್ಕಿನ ವಿಂಗೆಗೋರ್ ಬೆಳಗ್ಗೆ ಮೀನಿನ ಫ್ಯಾಕ್ಟರಿಲಿ ದುಡ್ದು ಆಮೇಲೆ ಪ್ರಾಕ್ಟೀಸಿಗೆ ಹೋಗ್ತಿದ್ರು, 2022, 2023 ಎರಡೂ ವರ್ಷ ಟೂರ್ ಡಿ ಫ್ರಾನ್ಸ್ ಅವರ್ದೇ.

ಆದ್ರೆ ತಮ್ಮನಿಗೆ ಇದೊಂದು ಹೇಳಿ. ಟೂರಲ್ಲಿ ಒಂದು ಟೀಮಿಗೆ 8 ಜನ, 21 ಸ್ಟೇಜು (ದಿನಕ್ಕೊಂದು ರೇಸು), ಅದ್ರಲ್ಲಿ ಲೀಡರ್ ಒಬ್ರೋ ಇಬ್ರೋ, ಮಿಕ್ಕೋರದ್ದು ಅವರಿಗೋಸ್ಕರ ದುಡಿಯೋ ಕೆಲ್ಸ. ಹಿಂದೆ ಬರೋ ಟೀಮ್ ಕಾರ್ ಹತ್ರ ಹೋಗಿ ನೀರಿನ ಬಾಟ್ಲು ಜರ್ಸಿ ಬೆನ್ನಿಗೆಲ್ಲ ತುರುಕ್ಕೊಂಡು ಮತ್ತೆ ಮುಂದೆ ತುಳ್ದು ಎಲ್ರಿಗೂ ಹಂಚೋದು, ಲೀಡರ್ ಮುಂದೆ ಗಾಳಿಗೆ ಎದೆ ಕೊಟ್ಟು ಓಡ್ಸೋದು. ಆಗ ಇವ್ರಿಬ್ರ ಟೀಮಲ್ಲೇ ಇದ್ದ ಅಮೆರಿಕದ ಸೆಪ್ ಕುಸ್ 2023ರಲ್ಲಿ ಮೇ ತಿಂಗಳು ಇಟಲಿಯ ಜಿರೋ ರೇಸಲ್ಲಿ ರೋಗ್ಲಿಚ್‌ಗೆ, ಜುಲೈಲಿ ಟೂರಲ್ಲಿ ವಿಂಗೆಗೋರ್‌ಗೆ ದುಡಿದ್ರು, ಇಬ್ರೂ ಗೆದ್ರು. ಅದೇ ವರ್ಷ ವುಯೆಲ್ಟಾ ಕುಸ್ ಅವ್ರೇ ಗೆದ್ರು, ಎರಡು ಮೂರನೇ ಜಾಗದಲ್ಲಿ ನಿಂತಿದ್ದು ಅದೇ ಇಬ್ರು! ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಗಂಟಲು ಕಟ್ಟುತ್ತೆ ನಂಗೆ. ಎಷ್ಟೋ ಜನಕ್ಕೆ ಆ ದಿನ ಬರೋದೇ ಇಲ್ಲ, ಆದ್ರೂ ಹತ್ತು ವರ್ಷ ಗೌರವದಿಂದ ದುಡೀತಾರೆ. ಅಂಥ ಜೀವನ ಅವನಿಗೆ ಇಷ್ಟಾನಾ ಕೇಳಿ.

ಸಕಲೇಶಪುರ ಅಕ್ಕ:
ನಾನು ಸ್ಟೇಟ್ ಲೆವೆಲ್ ಓಡಿಸ್ತಿದ್ದೆ. ಚಾರ್ಮಾಡಿ ಘಾಟ್ ಒಬ್ಳೇ ಆರಾಮಾಗಿ ಹತ್ತಿಸ್ತಿದ್ದೆ, ನಾನೇ ಗಟ್ಟಿ ಅಂದ್ಕೊಂಡಿದ್ದೆ. ಎಲ್ರೂ ಒಟ್ಟಿಗೆ ಹೊರಡೋ ಮಾಸ್ ಸ್ಟಾರ್ಟ್ ರೇಸಲ್ಲಿ ಮೊದಲ್ನೇ ಸಲಾನೇ ಸಮತಟ್ಟು ರೋಡಲ್ಲೇ ಗುಂಪಿಂದ ಉದುರಿ ಹಿಂದೆ ಉಳಿದೆ! ಮುಂದಿನೋರ ಚಕ್ರಕ್ಕೆ ಒಂದಡಿ ಹತ್ರ ಇದ್ರೆ ಗಾಳಿ ಬಡಿಯಲ್ಲ, ಶ್ರಮ ಎಷ್ಟೋ ಉಳಿಯುತ್ತೆ, ನಾನು ಹೆದರಿ ಪ್ರತಿ ತಿರುವಲ್ಲೂ ಬ್ರೇಕ್ ಹಿಡಿದೆ, ಹತ್ತಡಿ ಗ್ಯಾಪ್ ಬಿತ್ತು, ಮುಗೀತು, ಆಮೇಲೆ ಎಷ್ಟು ತುಳಿದ್ರೂ ಸಿಗ್ಲಿಲ್ಲ. ಗಿರಿ ಹತ್ತೋ ಶಕ್ತಿ ಅವನಿಗಿದೆ, ಗುಂಪಲ್ಲಿ ಓಡ್ಸೋದು ಬರುತ್ತಾ ನೋಡ್ಬೇಕು. ವಿಜಯಪುರ, ಬಾಗಲಕೋಟೆ ಕಡೆ ಹುಡುಗ್ರು ಚಿಕ್ಕಂದಿಂದ ಗುಂಪಲ್ಲೇ ಬೆಳ್ದಿರ್ತಾರೆ, ಅವರ ಜೊತೆ ರೇಸ್ ಮಾಡ್ಲಿ ಮೊದ್ಲು. ಈ ವರ್ಷ ಜೂನಿಯರ್ ಕ್ಲಾಸಿನ ಕೊನೇ ವರ್ಷ ಅವನಿಗೆ, ಆಮೇಲೆ 22ರ ತನಕ ಅಂಡರ್ 23 ಕ್ಲಾಸು, ಟೈಮಿದೆ. ಡಿಗ್ರಿ ಮಾತ್ರ ಬಿಡ್ಬೇಡಿ, ನ್ಯಾಷನಲ್ ಚಾಂಪಿಯನ್ ಆದ ಬೆಂಗಳೂರಿನ ನವೀನ್ ಜಾನ್ ಕೂಡ ಇಂಜಿನಿಯರಿಂಗ್ ಓದಿದೋರೇ.

ಹಾಸನದ ಪೆಡಲ್:
ಅಕ್ಕ ಹೇಳಿದ್ದು ಸರಿ. ಭಾನುವಾರ ಬೆಳಗ್ಗೆ ನಾವು ಹನ್ನೆರಡು ಜನ ಚನ್ನರಾಯಪಟ್ಟಣದ ಕಡೆ ಹೋಗ್ತೀವಿ, ಕರ್ಕೊಂಡು ಬನ್ನಿ.

ಕೈಮರ ಹುಡ್ಗ:
ಎಲ್ಲ ಅವನಿಗೆ ಓದಿ ಹೇಳ್ದೆ. ಬಾಟ್ಲು ಹೊರೋ ವಿಷ್ಯಕ್ಕೆ ಬೇಜಾರಾಗ್ತಾನೆ ಅಂದ್ಕೊಂಡಿದ್ದೆ, ಅವ್ನು ಒಂದ್ಸಲಕ್ಕೆ ಎಷ್ಟು ಬಾಟ್ಲು ಹಿಡ್ಸುತ್ತೆ ಅಂತ ಕೇಳ್ದ. ಭಾನುವಾರ ಬರ್ತೀವಿ ಸರ್, ಅಪ್ಪನೂ ಗಾಡಿಲಿ ಹಿಂದೆ ಬರ್ತೀನಿ ಅಂದ್ರು.