ಪದಚರ್ಚೆ: ಲಕ್ವ ಹೊಡೆದು ಮಾತು ಹೋದವರ ಸಾಧನಕ್ಕೆ ಬೋರ್ಡಿನಲ್ಲಿ ಏನು ಬರೆಯೋಣ?

ಮಂಡ್ಯದಿಂದ:

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಮ್ಯಾಟರ್ ಕೊಡಬೇಕು, ದಯವಿಟ್ಟು ಬೇಗ ಹೇಳಿ. ಇಲ್ಲೊಂದು ಚಿಕಿತ್ಸಾ ಕೇಂದ್ರದಲ್ಲಿ ಸ್ಟ್ರೋಕ್ ಆಗಿ ಮಾತು ನಿಂತವರಿಗೆಂದು ಒಂದು ಕೋಣೆ ಮಾಡುತ್ತಿದ್ದಾರೆ. ಚಿತ್ರ ಅಂಟಿಸಿದ ಹಲಗೆ, ಕಾರ್ಡು, ಚಿತ್ರ ಒತ್ತಿದರೆ ದನಿ ಬರುವ ಟ್ಯಾಬು ಅಲ್ಲಿರುತ್ತವೆ. ನನ್ನ ಕೈಗೆ ಬಂದ ಕರಡಿನಲ್ಲಿ ‘ವರ್ಧಕ ಮತ್ತು ಪರ್ಯಾಯ ಸಂವಹನ ಸಾಧನಗಳ ಕೊಠಡಿ’ ಎಂದಿದೆ. ಮಳವಳ್ಳಿ, ಪಾಂಡವಪುರದ ಕಡೆಯಿಂದ ಬರುವವರು ಇದನ್ನು ಓದಿ ಒಳಗೆ ಬರುತ್ತಾರೆಂದು ನನಗನ್ನಿಸುವುದಿಲ್ಲ. ಬಾಗಿಲಿಗೊಂದು ಹೆಸರು ಬೇಕು, ಮನೆಯವರಿಗೆ ಕೊಡುವ ಹಾಳೆಯಲ್ಲಿ ಬಳಸಲು ಒಂದು ಪದ ಬೇಕು.

ಸರಸ್ವತಿಪುರಂನಿಂದ:

ಮೊದಲು ‘ಸಂವಹನ’ ತೆಗೆಯಿರಿ. ಸಂವಾಹನವೆಂದರೆ ಮೈಕೈ ಒತ್ತುವುದು. ಮೃಚ್ಛಕಟಿಕ ನಾಟಕದ ಸಂವಾಹಕ ಯಾರು? ಮೈ ಒತ್ತುವ ಕಸುಬಿನವನು. ಲಕ್ವದವರ ಕೋಣೆಗೆ ಈ ಹೆಸರಿಟ್ಟರೆ ಮಾಲೀಶಿನ ಕೋಣೆ ಎಂದಾಗುತ್ತದೆ.

ಕುವೆಂಪುನಗರದಿಂದ:

ಸಂವಾಹನ ಬೇರೆ, ಸಂವಹನ ಬೇರೆ. ಹ್ರಸ್ವ ದೀರ್ಘ ನೋಡಿ ಬರೆಯಿರಿ. ಪಠ್ಯಪುಸ್ತಕದಲ್ಲಿ ಓದಿ ಬೆಳೆದ ಯಾರಿಗೂ ಸಂವಹನವೆಂದರೆ ಮಾಲೀಶು ನೆನಪಾಗುವುದಿಲ್ಲ.

ಶ್ರೀರಂಗಪಟ್ಟಣದಿಂದ:

ಎರಡೂ ಬೇಡ. ನಮ್ಮಲ್ಲಿ ‘ನುಡಿ’ ಇದೆ, ‘ನೆರವು’ ಇದೆ. ನುಡಿನೆರವಿ ಎನ್ನಿ. ಹಲಗೆಗೆ ‘ಫಲಕ’ ಎಂದು ಬರೆಯುವ ಚಟವನ್ನೂ ಬಿಡಿ. ಹಳಗನ್ನಡದ ಪಲಗೆ, ತಮಿಳಿನ ಪಲಗೈ, ಇವು ಯಾರಿಂದಲೂ ಕಡ ತಂದವಲ್ಲ.

ಕುವೆಂಪುನಗರದಿಂದ:

ನೆರವಿ ಎಂದರೆ ಗುಂಪು, ಜನಸಂದಣಿ. ಕಿಟ್ಟೆಲ್ ತಮ್ಮ ನಿಘಂಟಿನಲ್ಲಿ 1894ರಲ್ಲೇ ಅಚ್ಚು ಹಾಕಿಸಿದ್ದಾರೆ, ತೆಗೆದು ನೋಡಿ. ಹಲಗೆ ಫಲಕದ ತದ್ಭವ. ಅದರ ಮೇಲೆ ಚರ್ಚೆ ಬೇಕಿಲ್ಲ.

ಶ್ರೀರಂಗಪಟ್ಟಣದಿಂದ:

ಕನ್ನಡದಲ್ಲೂ ತಮಿಳಿನಲ್ಲೂ ಇದ್ದ ಪದವನ್ನೆಲ್ಲ ತದ್ಭವವೆಂದು ಬರೆದುಕೊಟ್ಟರೆ ಕೊನೆಗೆ ನಮ್ಮದು ಅಂತ ಏನುಳಿಯುತ್ತದೆ? ರೋಗದ ಹೆಸರೇ ನೋಡಿ. ಪಾರ್ಶ್ವವಾಯು ಸಂಸ್ಕೃತ, ಲಕ್ವ ಅರಬ್ಬಿ, ಸ್ಟ್ರೋಕ್ ಇಂಗ್ಲಿಷು.

ಸರಸ್ವತಿಪುರಂನಿಂದ:

ಲಕ್ವ ಅರಬ್ಬಿಯಲ್ಲಿ ಮುಖ ಸೊಟ್ಟಗಾಗುವ ಕಾಯಿಲೆಗೆ ಮಾತ್ರ ಸಲ್ಲುತ್ತದೆ. ನಮ್ಮವರು ಕೈಕಾಲಿಗೂ ಹಿಗ್ಗಿಸಿಕೊಂಡು ನಾಲಿಗೆಗೆ ಒಗ್ಗಿಸಿಕೊಂಡಿದ್ದಾರೆ. ಅದನ್ನು ಕನ್ನಡವಲ್ಲ ಎನ್ನಲು ನಾನು ಒಪ್ಪುವುದಿಲ್ಲ. ಬೋರ್ಡಿನ ಹೆಸರೇ ಬೇರೆ, ಜನರ ಬಾಯಲ್ಲಿರುವುದೇ ಬೇರೆ: ಮಾನಸಗಂಗೋತ್ರಿಯಲ್ಲಿರುವುದು ‘ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ’. 1965ರಿಂದ ಇದೆ. ಮೈಸೂರಿನ ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಎಂದರೆ ನೇರ ಅಲ್ಲಿಗೇ ಬಿಡುತ್ತಾರೆ.

ಮೈಸೂರಿನಿಂದ, ವಾಕ್ ಚಿಕಿತ್ಸೆ ಕೆಲಸ ಮಾಡುವವಳು:

ಮೇಷ್ಟ್ರುಗಳು ಕ್ಷಮಿಸಬೇಕು. ಕೇಳಿದವರಿಗೆ ಶನಿವಾರದೊಳಗೆ ಬೇಕಿರುವುದು ಬೇರೆ. ಕರಡಿನಲ್ಲಿ ಕೆಡುಕು ಮಾಡುವ ಪದ ಸಂವಹನವಲ್ಲ, ‘ಪರ್ಯಾಯ’. ಅದನ್ನು ಓದಿದ ಕೂಡಲೇ ಮಗ ಕೇಳುವುದು ಒಂದೇ: “ಹಂಗಾರೆ ನಮ್ಮಪ್ಪಂಗೆ ಇನ್ನು ಮಾತು ಬರಕಿಲ್ವಾ ಮೇಡಂ?” ಟ್ಯಾಬು ಕೊಟ್ಟರೆ ಮಾತಾಡುವುದನ್ನೇ ಮರೆತುಬಿಡುತ್ತಾರೆ ಎಂದು ಹೆದರಿ ಬೀರುವಿನಲ್ಲಿಟ್ಟು ಬೀಗ ಹಾಕಿದ ಮನೆಗಳಿವೆ. ಹಾಗಾಗುವುದಿಲ್ಲ. ಹಲಗೆ, ಟ್ಯಾಬು ಎಲ್ಲ ಮಾತಿನ ಅಭ್ಯಾಸದ ಜೊತೆಜೊತೆಗೇ ನಡೆಯುತ್ತವೆ. ಬೇಕಾದ್ದನ್ನು ತೋರಿಸಲು ಒಂದು ದಾರಿ ಸಿಕ್ಕಿದಾಗ ಸಿಟ್ಟು, ಅಳು ಇಳಿದು ಬಾಯಿ ತೆರೆಯುವ ಧೈರ್ಯ ಬರುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ‘ನೆರವು’ ಸರಿ, ‘ಪರ್ಯಾಯ’ ಸಲ್ಲದು.

ಎರಡನೆಯದು, ‘ಮೂಕ’, ‘ಬುದ್ಧಿ ಮಂಕಾದವರು’ ಇಂಥವು ಹಾಳೆಯಲ್ಲಿ ಎಲ್ಲೂ ನುಸುಳಬಾರದು. ಮಿದುಳಿಗೆ ಪೆಟ್ಟಾಗಿ ಮಾತು ಕೆಡುವ ಈ ತೊಂದರೆಗೆ ಅಫೇಸಿಯ ಎನ್ನುತ್ತೇವೆ. ಅದರಲ್ಲಿ ಹೋಗುವುದು ಬುದ್ಧಿಯಲ್ಲ, ಪದ ಹುಡುಕುವ, ಜೋಡಿಸುವ, ಕೆಲವರಲ್ಲಿ ಕೇಳಿದ್ದನ್ನು ಬಿಡಿಸಿಕೊಳ್ಳುವ ಶಕ್ತಿ. 1861ರಲ್ಲಿ ಪ್ಯಾರಿಸಿನ ವೈದ್ಯ ಬ್ರೋಕಾ ನೋಡಿದ ರೋಗಿಗೆ ಬಾಯಲ್ಲಿ ಬರುತ್ತಿದ್ದದ್ದು ‘ಟ್ಯಾನ್’ ಒಂದೇ, ಆದರೆ ಎದುರಿನವರು ಆಡಿದ್ದು ಬಹುಪಾಲು ತಿಳಿಯುತ್ತಿತ್ತು. ಓದು ಬರಹಕ್ಕೂ ಇದೇ ಪೆಟ್ಟು ಬೀಳುತ್ತದೆ. ಹಾಗಾಗಿ ‘ಅಆಇಈ ಹಲಗೆ ಕೊಡಿ, ತೋರಿಸಲಿ’ ಎನ್ನುವುದು ಹೆಚ್ಚಿನವರಿಗೆ ಒದಗುವುದಿಲ್ಲ. ಚಿತ್ರ ಬೇಕು, ಅದೂ ಬ್ರೆಡ್ಡಿನ ಚಿತ್ರವಲ್ಲ, ಮುದ್ದೆಯದ್ದು.

ನೀವೆಲ್ಲ ಕೂತು ಯೋಚಿಸಬೇಕಾದ ಪದ ಬೇರೆಯೇ ಇದೆ. ಇಂಗ್ಲಿಷ್ ಹಲಗೆಯಲ್ಲಿ ‘ನೋ’ ಎಂದು ಒಂದೇ ಮನೆ, ಅಂದರೆ ಒತ್ತಿ ತೋರಿಸಲು ಒಂದೇ ಚೌಕ. ಕನ್ನಡಕ್ಕೆ ತಂದವರು ಅಲ್ಲಿ ‘ಬೇಡ’ ಎಂದು ಹಾಕಿ ಕೈ ತೊಳೆದುಕೊಂಡರು. ಕಬ್ಬಿನ ಗದ್ದೆಯಲ್ಲೇ ಬದುಕು ಸವೆಸಿದ ಒಬ್ಬ ಹಿರಿಯರು ನನ್ನೆದುರು ಕೂತಿದ್ದರು. ಸೊಸೆ “ಮಾವ, ತೋಳು ನೋಯ್ತದಾ?” ಎಂದಳು. ಅವರು ಎಡಗೈ ಬೆರಳಿನಿಂದ ‘ಬೇಡ’ ಒತ್ತಿದರು. ಅವಳು ಎಣ್ಣೆ ಬಾಟಲಿ ಚೀಲಕ್ಕೆ ಹಾಕಿಕೊಂಡಳು. ಅವರು ತಲೆ ಕೊಡವಿ ಮತ್ತೆ ಅದನ್ನೇ ಒತ್ತಿದರು, ಮತ್ತೆ ಒತ್ತಿದರು, ಕೊನೆಗೆ ಹಲಗೆ ತಳ್ಳಿಬಿಟ್ಟರು. ಆಮೇಲೆ ಒಂದೊಂದೇ ಕೇಳುತ್ತಾ ಹೋದೆ: ನೋಯುತ್ತಿದ್ದದ್ದು ತೋಳಲ್ಲ, ಭುಜ. ಅವರಿಗೆ ಬೇಕಿದ್ದದ್ದು ‘ಅಲ್ಲ’. ಹಲಗೆಯಲ್ಲಿ ಆ ಮನೆಯೇ ಇರಲಿಲ್ಲ.

ಟ್ಯಾಬಿನ ದನಿಯಲ್ಲೂ ಇದೇ ಪಾಡು. “ನನಗೆ ಬಾಯಾರಿಕೆಯಾಗಿದೆ, ದಯವಿಟ್ಟು ನೀರು ನೀಡಿ” ಎಂದು ಯಾವ ಅಜ್ಜ ಮೊಮ್ಮಗಳಿಗೆ ಹೇಳುತ್ತಾನೆ? ‘ನೀರು ಕೊಡವ್ವ’ ಎನ್ನುತ್ತಾನೆ. ಅದೇ ಅಜ್ಜ ಡಾಕ್ಟರಿಗೆ ‘ಕೊಡಿ’ ಎನ್ನಬೇಕು. ಒಂದೇ ಚಿತ್ರಕ್ಕೆ ಎರಡು ದನಿ ಬೇಕು.

ಶ್ರೀರಂಗಪಟ್ಟಣದಿಂದ:

ಮೇಡಂ, ಬೇಡ, ಇಲ್ಲ, ಅಲ್ಲ ಮೂರೂ ಅಚ್ಚಗನ್ನಡ. ನಾನು ಹೇಳುತ್ತಿದ್ದದ್ದೂ ಇದನ್ನೇ. ಸಂಸ್ಕೃತದ ‘ನಕಾರ’ ತಂದು ಅಂಟಿಸಿದ್ದರೆ ಈ ಮೂರರ ಅಂತರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಕುವೆಂಪುನಗರದಿಂದ:

ಅದನ್ನು ಮುಚ್ಚಿದ್ದು ಇಂಗ್ಲಿಷಿನ ‘ನೋ’, ಸಂಸ್ಕೃತವಲ್ಲ. ಎಲ್ಲ ತಪ್ಪನ್ನೂ ಒಂದೇ ಬಾಗಿಲಿಗೆ ತಂದು ಹಾಕಬೇಡಿ. ‘ಇಲ್ಲ’ ಇರವಿನ ನಿಷೇಧ, ‘ಅಲ್ಲ’ ಗುರುತಿನ ನಿಷೇಧ, ‘ಬೇಡ’ ಇಚ್ಛೆಯ ನಿಷೇಧ. ಮೂರೂ ಮನೆ ಇರಲೇಬೇಕು. ಹಾಗೆಯೇ ‘ಎಸ್’ ಜಾಗದಲ್ಲಿ ಹೌದು, ಇದೆ, ಬೇಕು. ಇದರಲ್ಲಿ ನನ್ನ ತಕರಾರಿಲ್ಲ. ನೆರವಿಯಲ್ಲಿ ಇದೆ.

ಮಂಡ್ಯದಿಂದ:

ಎಲ್ಲರಿಗೂ ಋಣಿ. ಹೀಗೆ ಕೊಡುತ್ತಿದ್ದೇನೆ. ಬಾಗಿಲಿಗೆ: ‘ಮಾತಿನ ನೆರವು ಕೋಣೆ’. ಅದರ ಕೆಳಗೆ ಸಣ್ಣಕ್ಷರದಲ್ಲಿ: ‘ಲಕ್ವ ಅಥವಾ ಸ್ಟ್ರೋಕ್ ಆಗಿ ಮಾತು ತೊಡಕಾದವರಿಗೆ’. ಹಾಳೆಯಲ್ಲಿ ಹಲಗೆಗೆ ಹಲಗೆ, ಕಾರ್ಡಿಗೆ ಕಾರ್ಡು, ಟ್ಯಾಬಿಗೆ ಟ್ಯಾಬು. ಎಲ್ಲಕ್ಕೂ ಸೇರಿಸಿ ಹೇಳುವಾಗ ‘ಮಾತಿನ ನೆರವು’. ಪರ್ಯಾಯ ಎಲ್ಲೂ ಇಲ್ಲ. ‘ಇದನ್ನು ಬಳಸಿದರೆ ಮಾತು ನಿಲ್ಲುವುದಿಲ್ಲ’ ಎಂಬ ಸಾಲು ಮೊದಲಲ್ಲೇ ದಪ್ಪಕ್ಷರದಲ್ಲಿ ಬರುತ್ತದೆ.

ಮೇಡಂ, ಇನ್ನೊಂದು ಕೇಳಬೇಕು. ‘ಬೇಡ’ಕ್ಕೆ ತಟ್ಟೆ ಆಚೆ ತಳ್ಳುವ ಕೈ, ‘ಇಲ್ಲ’ಕ್ಕೆ ಬರಿದಾದ ಅಂಗೈ ಬರೆಸಿದ್ದೇನೆ. ‘ಅಲ್ಲ’ಕ್ಕೆ ಏನು ಬರೆಸಲಿ? ತಪ್ಪು ಗುರುತು ಹಾಕಿದರೆ ಬೈದಂತೆ ಕಾಣುತ್ತದೆ ಎಂದು ಚಿತ್ರ ಬರೆಯುವ ಹುಡುಗನೇ ಹೇಳುತ್ತಿದ್ದಾನೆ.

ಮೈಸೂರಿನಿಂದ, ವಾಕ್ ಚಿಕಿತ್ಸೆ ಕೆಲಸ ಮಾಡುವವಳು:

ಎರಡು ವಸ್ತು ಬರೆಸಿ, ಒಂದು ಚೊಂಬು, ಒಂದು ಲೋಟ. ಚೊಂಬಿನ ಮೇಲೆ ಅಡ್ಡಗೆರೆ, ಲೋಟದ ಕಡೆಗೆ ಬಾಣ. ‘ಇದಲ್ಲ, ಅದು.’ ಅಚ್ಚು ಹಾಕಿಸುವ ಮೊದಲು ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ನಾಲ್ಕಾರು ಜನ ರೋಗಿಗಳ ಮುಂದಿಟ್ಟು ನೋಡಿ. ಅವರ ಬೆರಳು ಸರಿಯಾದ ಕಡೆ ಹೋದರೆ ಮಾತ್ರ ಅಂಗಡಿಗೆ ಕೊಡಿ.