ನೂರು ವರ್ಷ ಉಳಿಯುವ ಡಿಸ್ಕ್ ಯಾವುದು?

ಪ್ರಶ್ನೆ: ನಮಸ್ಕಾರ ಮೇಡಂ. ತಂದೆಯವರ ದಿನಚರಿಗಳನ್ನು ಸ್ಕ್ಯಾನ್ ಮಾಡಿಸಿ, ಅಜ್ಜಿ ಹಾಡಿದ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ, 2005ರಲ್ಲಿ ಹನ್ನೆರಡು ಸಿಡಿಗಳಲ್ಲಿ ತುಂಬಿಸಿಟ್ಟಿದ್ದೆ. ಮೊನ್ನೆ ಹಾಕಿ ನೋಡಿದರೆ ಐದು ಸಿಡಿಗಳು ತೆರೆಯುತ್ತಲೇ ಇಲ್ಲ. ಅವುಗಳ ಮೇಲೆ ಒಂದು ಗೀರೂ ಇಲ್ಲ. ಆಮೇಲಿನ ಫೋಟೊ, ವಿಡಿಯೊ ಸೇರಿದರೆ ಈಗ ಒಟ್ಟು 300 ಜಿಬಿ ಇದೆ. ಗಾಜಿನಲ್ಲಿ, ಡಿಎನ್‌ಎಯಲ್ಲಿ ಸಾವಿರಾರು ವರ್ಷ ಮಾಹಿತಿ ಇಡಬಹುದೆಂದು ಓದಿದೆ. ಅದಕ್ಕೆ ಕಾಯಲೇ? ಇಲ್ಲವೇ, ಒಮ್ಮೆ ಕೊಂಡು ಬೀರುವಿನಲ್ಲಿಟ್ಟು ಮರೆತುಬಿಡಬಹುದಾದ ಸಾಧನ ಈಗಲೇ ಇದೆಯೇ?

ಉತ್ತರ (ಡಿಜಿಟಲ್ ದಾಖಲೆಗಳ ಸಂರಕ್ಷಕಿ): ಮೊದಲ ಮಾತು, ಆ ಐದು ಸಿಡಿಗಳನ್ನು ಎಸೆಯಬೇಡಿ. ಒಂದು ಡ್ರೈವ್ ಕೈಚೆಲ್ಲಿದ್ದನ್ನು ಇನ್ನೊಂದು ಓದುವುದುಂಟು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದು ಸಲೀಸಾಗಿ ಸಿಗುವ ಭಾಗವನ್ನು ಮೊದಲು ಎತ್ತಿಕೊಂಡು, ಹಟ ಹಿಡಿದ ಭಾಗಕ್ಕೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಓದಿಯಾಯಿತು ಎಂಬ ಲೆಕ್ಕವನ್ನು ಒಂದು ಕಡತದಲ್ಲಿ ಇಟ್ಟುಕೊಳ್ಳುವುದರಿಂದ, ಅದೇ ಸಿಡಿಯನ್ನು ಬೇರೆ ಡ್ರೈವ್‌ಗೆ ಹಾಕಿ ಬಿಟ್ಟುಹೋದ ಚೂರುಗಳನ್ನು ಮಾತ್ರ ತುಂಬಿಸಿಕೊಳ್ಳಬಹುದು.

ಗೀರಿಲ್ಲದೆ ಸಿಡಿ ಹೇಗೆ ಕೆಟ್ಟಿತು? ನಾವು ಬರೆಯುವ ಸಿಡಿಯಲ್ಲಿ ಮಾಹಿತಿ ನಿಲ್ಲುವುದು ಒಂದು ಬಣ್ಣದ ಪದರದಲ್ಲಿ. ಲೇಸರ್ ಕಿರಣ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಬಿಸಿಲು, ಸೆಕೆ, ತೇವಗಳಿಗೆ ಅದೂ ಎಲ್ಲ ಬಣ್ಣಗಳ ಹಾಗೆ ಮಾಸುತ್ತದೆ. ಅದರ ಮೇಲಿನ ಲೋಹದ ಪದರಕ್ಕೆ, ಅಂದರೆ ನಾವು ಹೆಸರು ಬರೆಯುವ ಬದಿಗೆ, ತೆಳುವಾದ ಲೇಪವೊಂದೇ ಕಾವಲು. ಸಿಡಿಯನ್ನು ದೀಪಕ್ಕೆ ಹಿಡಿದು ನೋಡಿ. ಸೂಜಿಯಲ್ಲಿ ಚುಚ್ಚಿದಂತೆ ಬೆಳಕು ತೂರಿ ಬಂದರೆ ಅಲ್ಲಿ ಲೋಹವೇ ಉದುರಿದೆ ಎಂದು ಅರ್ಥ.

ಇನ್ನು ಗಾಜಿನ ವಿಷಯ. ಅದು ಗಾಳಿಸುದ್ದಿಯಲ್ಲ. ಮೈಕ್ರೋಸಾಫ್ಟ್‌ನ ಪ್ರಾಜೆಕ್ಟ್ ಸಿಲಿಕಾ ತಂಡ 2019ರಲ್ಲಿ ಅಂಗೈಗಿಂತ ಚಿಕ್ಕದಾದ, 2 ಮಿಲಿಮೀಟರ್ ದಪ್ಪದ ಗಾಜಿನ ತುಂಡಿನಲ್ಲಿ 75.6 ಜಿಬಿಯಷ್ಟಿದ್ದ ಒಂದು ಇಡೀ ಸಿನಿಮಾವನ್ನು ಬರೆದು ತೋರಿಸಿತು. ಗಾಜಿನ ಒಡಲೊಳಗೇ ಬರೆಯುವುದರಿಂದ ಕುದಿಸಿದರೂ ಉಜ್ಜಿದರೂ ಅಳಿಯುವುದಿಲ್ಲ. ಆದರೆ ಬರೆಯಲು ಬೇಕಾದದ್ದು ಫೆಮ್ಟೊಸೆಕೆಂಡ್ ಲೇಸರ್, ಅಂದರೆ ಊಹೆಗೂ ನಿಲುಕದಷ್ಟು ಕ್ಷಣಿಕವಾಗಿ ಮಿಡಿಯುವ ಲೇಸರ್; ಓದಲು ಬೇಕಾದದ್ದು ಸೂಕ್ಷ್ಮದರ್ಶಕ. ಡಿಎನ್‌ಎ ಮಾರ್ಗದಲ್ಲಿ ಹಾರ್ವರ್ಡ್‌ನ ತಳಿವಿಜ್ಞಾನಿ ಜಾರ್ಜ್ ಚರ್ಚ್ ಅವರ ತಂಡ 2012ರಲ್ಲೇ ಒಂದು ಪುಸ್ತಕವನ್ನು ಬರೆದಿಟ್ಟಿತ್ತು. ಅಲ್ಲಿ ಬರೆಯುವ ಖರ್ಚೂ ಹೆಚ್ಚು, ವೇಗವೂ ಆಮೆಯದು. ಇವು ಮನೆಗೆ ಬರುವವರೆಗೆ ಕಾಯುತ್ತ ಕುಳಿತರೆ ಉಳಿದ ಏಳು ಸಿಡಿಗಳೂ ಹೋಗುತ್ತವೆ.

ಬೀರುವಿನಲ್ಲಿಟ್ಟು ಮರೆಯುವ ಆಸೆಯನ್ನು ಮಾತ್ರ ಬಿಟ್ಟುಬಿಡಿ. ನನ್ನ ಅನುಭವದಲ್ಲಿ ಮಾಹಿತಿಗಿಂತ ಮೊದಲು ಸಾಯುವುದು ಅದನ್ನು ಓದುವ ಯಂತ್ರ. ಚಂದ್ರನ ಸುತ್ತ ಹೋದ ನಾಸಾದ ಲೂನಾರ್ ಆರ್ಬಿಟರ್ ನೌಕೆಗಳು 1966 ಮತ್ತು 67ರಲ್ಲಿ ಕಳಿಸಿದ ಚಿತ್ರಗಳು ಟೇಪುಗಳಲ್ಲಿ ಭದ್ರವಾಗಿದ್ದವು. ಅವುಗಳನ್ನು ಓದಬಲ್ಲ ಬೀರುವಿನಷ್ಟು ದೊಡ್ಡ ಆಂಪೆಕ್ಸ್ ಯಂತ್ರಗಳು ಮಾತ್ರ ಬಳಕೆಯಿಂದಲೇ ಮಾಯವಾಗಿದ್ದವು. ನಾಸಾದ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ನ್ಯಾನ್ಸಿ ಇವಾನ್ಸ್ ಅಂಥ ಕೆಲವು ಕೆಟ್ಟ ಯಂತ್ರಗಳನ್ನು ಗುಜರಿಗೆ ಬಿಡದೆ ತಮ್ಮ ಮನೆಯ ಕಾರು ಶೆಡ್ಡಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿದ್ದರು. ಅವುಗಳನ್ನೇ ರಿಪೇರಿ ಮಾಡಿ 2008ರಲ್ಲಿ ಮೊದಲ ಚಿತ್ರವನ್ನು ಹೊರತೆಗೆದರು. ಒಬ್ಬರ ಶೆಡ್ಡಿನಲ್ಲಿ ಜಾಗವಿತ್ತು ಎಂಬ ಕಾರಣಕ್ಕೆ ಉಳಿದ ಚಿತ್ರಗಳು ಅವು!

ಸಂಸ್ಥೆಗಳು ಇಂದಿಗೂ ನೆಚ್ಚಿರುವ, ಕಂಪ್ಯೂಟರ್ ಮಾಹಿತಿ ಇಡುವ ಎಲ್‌ಟಿಒ ಎಂಬ ಕಾಂತೀಯ ಟೇಪಿನ ಪಾಡೂ ಇದೇ. ಟೇಪಿನ ಆಯಸ್ಸು 30 ವರ್ಷ ಎನ್ನುತ್ತಾರೆ. ಆದರೆ ಎಂಟನೆಯ ಪೀಳಿಗೆಯ ಡ್ರೈವ್ ತನ್ನ ಹಿಂದಿನ ಒಂದೇ ಪೀಳಿಗೆಯ ಟೇಪನ್ನು ಓದುತ್ತದೆ. ಹಾಗಾಗಿ ನಾವು ಟೇಪು ಹಾಳಾಯಿತೆಂದಲ್ಲ, ಡ್ರೈವ್ ಸಿಗುವುದಿಲ್ಲವೆಂದು ನಕಲು ಮಾಡುತ್ತಲೇ ಇರುತ್ತೇವೆ.

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ಒಳ್ಳೆಯ ಎಸ್‌ಎಸ್‌ಡಿ ಅಥವಾ ಪೆನ್‌ಡ್ರೈವ್ ಸಾಲದೇ? ಎಲ್ಲದಕ್ಕಿಂತ ಸುಲಭ, ಕ್ಲೌಡ್ ಇದೆಯಲ್ಲ?

ಉತ್ತರ: ಪೆನ್‌ಡ್ರೈವ್ ಮಾಹಿತಿಯನ್ನು ಸಾಗಿಸುವ ಚೀಲ, ಅದು ಕಣಜವಲ್ಲ. ಪೆನ್‌ಡ್ರೈವ್, ಎಸ್‌ಎಸ್‌ಡಿ ಎರಡರಲ್ಲೂ ಮಾಹಿತಿ ವಿದ್ಯುದಾವೇಶದ ರೂಪದಲ್ಲಿರುತ್ತದೆ, ಅದು ನಿಧಾನವಾಗಿ ಸೋರುತ್ತದೆ. ಬರೆಯುವ ಆಯಸ್ಸು ತೀರಿದ ಸಾಮಾನ್ಯ ಎಸ್‌ಎಸ್‌ಡಿ, ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ವರ್ಷ ಮಾಹಿತಿ ಹಿಡಿದಿಟ್ಟರೆ ಸಾಕು ಎನ್ನುತ್ತದೆ ಉದ್ಯಮದ ಜೆಡೆಕ್ ಮಾನದಂಡ. ಹೊಸದು ಇದಕ್ಕಿಂತ ಬಹಳ ಹೆಚ್ಚು ತಾಳುತ್ತದೆ, ನಿಜ. ಆದರೂ ಬೀರುವಿಗೆ ತಕ್ಕ ವಸ್ತುವಲ್ಲ.

ಕ್ಲೌಡ್ ಇರಲಿ, ಅದೊಂದೇ ಆಗುವುದು ಬೇಡ. ಫೋನಿನಲ್ಲಿ ಅಳಿಸಿದ್ದನ್ನು ಅಲ್ಲಿಯೂ ಅಳಿಸುವ ವ್ಯವಸ್ಥೆಯನ್ನು ಜನ ಬ್ಯಾಕಪ್ ಎಂದುಕೊಂಡಿರುತ್ತಾರೆ. 2011ರ ಫೆಬ್ರುವರಿಯಲ್ಲಿ ತಂತ್ರಾಂಶದ ದೋಷದಿಂದ ಕೆಲವರ ಜಿಮೇಲ್ ಪೆಟ್ಟಿಗೆ ಬರಿದಾದಾಗ ಗೂಗಲ್ ಅವುಗಳನ್ನು ಮರಳಿ ತಂದದ್ದು ಎಲ್ಲಿಂದ ಗೊತ್ತೇ? ಕಪಾಟಿನಲ್ಲಿದ್ದ ಟೇಪಿನಿಂದ.

ಮೂಲ ಪ್ರಶ್ನೆ ಕೇಳಿದವರು: ಸರಿ ಮೇಡಂ, ಆಸೆ ಬಿಟ್ಟೆ. ಈಗ ನಾನು ಮಾಡಬೇಕಾದದ್ದು ಏನು?

ಉತ್ತರ: ಬೇರೆ ಬೇರೆ ಕಂಪನಿಯ ಎರಡು ಹಾರ್ಡ್ ಡಿಸ್ಕ್ ಕೊಳ್ಳಿ, ಒಂದು ನಿಮ್ಮಲ್ಲಿರಲಿ, ಇನ್ನೊಂದನ್ನು ಬೇರೆ ಊರಿನ ನೆಂಟರಲ್ಲಿಡಿ. ಮೂರನೆಯ ಪ್ರತಿ ಕ್ಲೌಡ್‌ನಲ್ಲಿರಲಿ. ಐದು ವರ್ಷಕ್ಕೊಮ್ಮೆ ಡಿಸ್ಕ್ ಬದಲಿಸಿ, ಚೆನ್ನಾಗಿಯೇ ಓಡುತ್ತಿದ್ದರೂ.

ಜನ ಬಿಟ್ಟುಬಿಡುವ ಕೆಲಸ ಇನ್ನೊಂದಿದೆ. ನಮ್ಮ ಸಂಗ್ರಹದಲ್ಲಿ ಒಂದು ಗುಂಪು ಚಿತ್ರವಿತ್ತು. ಫೈಲಿನ ಹೆಸರು, ಗಾತ್ರ, ದಿನಾಂಕ ಎಲ್ಲವೂ ಮೊದಲಿನಂತೆಯೇ ಇದ್ದವು. ತೆರೆದರೆ ಮೇಲೆ ಸಾಲಾಗಿ ತಲೆಗಳು, ಭುಜದಿಂದ ಕೆಳಗೆ ಬರೀ ಬೂದು ಬಣ್ಣ. ಆ ಕೆಟ್ಟ ಫೈಲೇ ಎರಡು ಸಲ ಹೊಸ ಡಿಸ್ಕ್‌ಗೆ ನಿಷ್ಠೆಯಿಂದ ನಕಲಾಗಿತ್ತು. ಒಳ್ಳೆಯ ಪ್ರತಿ ಎಲ್ಲಿಯೂ ಉಳಿದಿರಲಿಲ್ಲ. ಅಂದಿನಿಂದ ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಮೊತ್ತವನ್ನು, ಅಂದರೆ ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ತಂತ್ರಾಂಶ ಕೊಡುವ ಬೆರಳಚ್ಚಿನಂಥ ಸಂಖ್ಯೆಯನ್ನು, ಬರೆದಿಡುತ್ತೇವೆ. ಒಂದೇ ಒಂದು ಬಿಟ್ ಬದಲಾದರೂ ಆ ಮೊತ್ತ ಪೂರ್ತಿ ಬೇರೆಯಾಗುತ್ತದೆ. ನೀವೂ ಇಂದೇ ಬರೆದಿಟ್ಟು, ವರ್ಷಕ್ಕೊಮ್ಮೆ ತಾಳೆ ನೋಡಿ. ತಾಳೆಯಾಗದ ಫೈಲನ್ನು ಇನ್ನೊಂದು ಡಿಸ್ಕ್‌ನಿಂದ ತಂದುಕೊಳ್ಳಿ.

ಸ್ಕ್ಯಾನ್‌ಗಳು ಟಿಫ್ ಅಥವಾ ಪಿಡಿಎಫ್/ಎ ರೂಪದಲ್ಲಿ, ಹಾಡುಗಳು ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿರಲಿ. ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಟೈಪು ಮಾಡಿದ ಕನ್ನಡ ಫೈಲುಗಳಿದ್ದರೆ ಈಗಲೇ ಪರಿವರ್ತಿಸಿಕೊಳ್ಳಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ.

ಮೂಲ ಪ್ರಶ್ನೆ ಕೇಳಿದವರು (ಎರಡು ವಾರದ ನಂತರ): ಮೂರು ಸಿಡಿಗಳು ಪೂರ್ತಿ ಬಂದವು! ನಾಲ್ಕನೆಯದರಲ್ಲಿ ಅಜ್ಜಿಯ ಒಂದು ಹಾಡು ಎರಡನೆಯ ಚರಣದಲ್ಲಿ ಕಟ್ಟಾಗುತ್ತದೆ. ಐದನೆಯದು ಬರಲೇ ಇಲ್ಲ.

ಉತ್ತರ: ಬಹಳ ಸಂತೋಷ. ಹಾಡು ಕಟ್ಟಾದ ಸಿಡಿಯಿಂದ ಡಿಡಿರೆಸ್ಕ್ಯೂ ಎತ್ತಿಟ್ಟ ನಕಲನ್ನೂ (ಇಮೇಜ್ ಫೈಲ್) ಅದರ ಲೆಕ್ಕದ ಕಡತವನ್ನೂ ಅಳಿಸಬೇಡಿ, ಮೂರನೆಯ ಡ್ರೈವ್ ಸಿಕ್ಕಿದ ದಿನ ಅಲ್ಲಿಂದಲೇ ಮುಂದುವರಿಸಬಹುದು. ಆ ಹಾಡು ಮನೆಯಲ್ಲಿ ಯಾರಿಗಾದರೂ ಬಾಯಿಗೆ ಬರುತ್ತಿದ್ದರೆ ಉಳಿದ ಚರಣಗಳನ್ನು ಈ ವಾರವೇ ಹಾಡಿಸಿ ರೆಕಾರ್ಡ್ ಮಾಡಿ. ಮೂಲ ಕ್ಯಾಸೆಟ್ ಇನ್ನೂ ಇದೆಯೇ?