ಒಂದು ವರ್ಷದಿಂದ ಮಿನಿಮಮ್ ಕಟ್ಟುತ್ತಿದ್ದೇನೆ, ಕಾರ್ಡ್ ಸಾಲ ಇಳಿಯುತ್ತಲೇ ಇಲ್ಲ

ಮಳೆಹನಿ ಕೇಳಿದ್ದು:

ಹೋದ ವರ್ಷ ಅಮ್ಮನ ಆಪರೇಷನ್‌ಗೆ ಬೇರೆ ದಾರಿ ಕಾಣದೆ ಕ್ರೆಡಿಟ್ ಕಾರ್ಡ್ ಉಜ್ಜಿದೆ. ಒಟ್ಟು 1,00,000 ಆಯ್ತು. ಬಡ್ಡಿ ತಿಂಗಳಿಗೆ 3%. ಆಮೇಲೆ ಆ ಕಾರ್ಡ್ ಮುಟ್ಟಿಲ್ಲ. ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಒಂದು ತಿಂಗಳೂ ತಪ್ಪಿಸಿಲ್ಲ, ಆಟೋ ಪೇಗೆ ಹಾಕಿದ್ದೇನೆ.

ನಿನ್ನೆ ಕೂತು ಹನ್ನೆರಡು ಸ್ಟೇಟ್‌ಮೆಂಟ್‌ಗಳನ್ನೂ ಕೂಡಿ ನೋಡಿದೆ. ಕಟ್ಟಿದ್ದು ಸುಮಾರು 55,000. ಬಾಕಿ ಇನ್ನೂ 77,000 ಇದೆ! ಎರಡು ಸಲ ಕೂಡಿದೆ, ಅಷ್ಟೇ ಬಂತು. ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಕಾರ್ಡಲ್ಲೂ 12,000 ಇದೆ, ಅದಕ್ಕೆ ತಿಂಗಳಿಗೆ 2.5%. ದಿನಸಿ, ಪೆಟ್ರೋಲ್ ಎಲ್ಲ ಅದರಲ್ಲೇ. ಅದರ ಮಿನಿಮಮ್ ಸುಮಾರು 600 ಬಿಟ್ಟು, ಈ ತಿಂಗಳಿಂದ 7,000 ಕಟ್ಟಬಲ್ಲೆ. ಮೊದಲು ಯಾವುದಕ್ಕೆ ಕಟ್ಟಲಿ? ಮಿನಿಮಮ್‌ಗಿಂತ ಸ್ವಲ್ಪ ಜಾಸ್ತಿ ಕಟ್ಟಿದರೆ ನಿಜವಾಗಿಯೂ ವ್ಯತ್ಯಾಸ ಆಗುತ್ತಾ?

ನೀಲಿಪೆನ್ನು ಬರೆದದ್ದು:

ಆಗುತ್ತೆ, ತುಂಬಾ ಆಗುತ್ತೆ. ನಾನೂ ಎರಡೂವರೆ ವರ್ಷ ಮಿನಿಮಮ್ ಕಟ್ಟಿದವಳು. ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ.

ಮೊದಲ ತಿಂಗಳು ಏನಾಯ್ತು ನೋಡಿ. 1,00,000ಕ್ಕೆ ಬಡ್ಡಿ 3,000 ಸೇರಿತು. 1,03,000ದ 5% ಅಂದರೆ 5,150 ನಿಮ್ಮ ಮಿನಿಮಮ್. ಅದರಲ್ಲಿ 3,000 ಬಡ್ಡಿಗೇ ಹೋಯ್ತು. ಅಸಲಿಗೆ ಸೇರಿದ್ದು 2,150. ವರ್ಷಪೂರ್ತಿ ಇದೇ ಕಥೆ. 55,000ದಲ್ಲಿ 32,000 ಬಡ್ಡಿ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ನನಗೆ ಅದು ಅರ್ಥವಾಗಿದ್ದು ಬಹಳ ತಡವಾಗಿ. ಬಾಕಿ ಇಳಿದಂತೆ ಮಿನಿಮಮ್ ಕೂಡ ಇಳಿಯುತ್ತೆ. ನಿಮ್ಮದು 5,150 ಇದ್ದದ್ದು ಈಗ 3,970ರ ಹತ್ತಿರ ಬಂದಿರಬೇಕು, ಅಲ್ವಾ? ಈ ತಿಂಗಳು ಕಡಿಮೆ ಕಟ್ಟಿದರೆ ಸಾಕು ಅಂತ ಖುಷಿಯಾಗುತ್ತೆ. ಆದರೆ ಸಾಲ ಎಳೆಯುತ್ತಾ ಹೋಗುವುದು ಅಲ್ಲೇ. ಹೀಗೇ ಇಳಿಯುವ ಮಿನಿಮಮ್ ಕಟ್ಟುತ್ತಾ ಹೋದರೆ ಇನ್ನು 30 ತಿಂಗಳಾದ ಮೇಲೂ ಸುಮಾರು 40,000 ಬಾಕಿ ಇರುತ್ತೆ. ಅದೇ ಇವತ್ತಿನ 3,970ನ್ನೇ ಹಿಡಿದು, ಒಂದು ಪೈಸೆ ಇಳಿಸದೆ ಪ್ರತಿ ತಿಂಗಳು ಕಟ್ಟಿ. ಅದೇ 30 ತಿಂಗಳಲ್ಲಿ ಸಾಲ ಪೂರ್ತಿ ತೀರುತ್ತೆ. ಈ ತಿಂಗಳ ಲೆಕ್ಕಕ್ಕೆ ನೀವು ಒಂದು ಪೈಸೆ ಜಾಸ್ತಿ ಹಾಕಿಲ್ಲ, ಇಳಿಯೋಕೆ ಬಿಟ್ಟಿಲ್ಲ ಅಷ್ಟೇ.

ಇನ್ನು 7,000 ಪೂರ್ತಿ ಇದಕ್ಕೇ ಹಾಕಿದರೆ 14ನೇ ತಿಂಗಳಿಗೆ ಮುಗಿಯುತ್ತೆ. ಬಡ್ಡಿ ಒಟ್ಟು 18,000 ಮೀರಲ್ಲ.

ಹಾಗಾಗಿ ಮೊದಲು ಆಟೋ ಪೇ ಬದಲಾಯಿಸಿ. ಮಿನಿಮಮ್ ಅನ್ನೋ ಆಯ್ಕೆ ತೆಗೆದು ನಿಗದಿತ ಮೊತ್ತ ಹಾಕಿ. ಆ ಸೌಲಭ್ಯ ಇಲ್ಲದಿದ್ದರೆ ಮಿನಿಮಮ್ ಹಾಗೇ ಇರಲಿ, ತಡವಾದ ದಂಡದಿಂದ ಅದು ಕಾಪಾಡುತ್ತೆ. ಉಳಿದದ್ದನ್ನು ಸಂಬಳ ಬಂದ ದಿನವೇ ಕೈಯಾರೆ ಕಟ್ಟಿ.

ನಾನು ಬೀರುವಿನ ಬಾಗಿಲ ಒಳಗಡೆ ಒಂದು ಹಾಳೆ ಅಂಟಿಸಿದ್ದೆ. ಪ್ರತಿ ತಿಂಗಳು ಹಳೇ ಬಾಕಿ ಹೊಡೆದುಹಾಕಿ ಕೆಳಗೆ ಹೊಸದು ಬರೀತಿದ್ದೆ. ಸೀರೆ ತೆಗೆಯೋಕೆ ಬಾಗಿಲು ತೆರೆದಾಗೆಲ್ಲ ಅದು ಕಾಣೋದು. ಮೊದಲ ನಾಲ್ಕೈದು ತಿಂಗಳು ಅಂಕಿ ಕದಲಲೇ ಇಲ್ಲ ಅನ್ನಿಸಿತ್ತು. ಆಮೇಲೆ ಬೇಗ ಬೇಗ ಇಳೀತು. ಯಾಕಂದ್ರೆ ಅಸಲು ಕಡಿಮೆಯಾದಂತೆ ಬಡ್ಡಿಯೂ ಕಡಿಮೆ, ನಾನು ಕಟ್ಟೋದು ಮಾತ್ರ ಅಷ್ಟೇ. ಆ ಮೊದಲ ತಿಂಗಳುಗಳಲ್ಲಿ ದಯವಿಟ್ಟು ಕೈ ಬಿಡಬೇಡಿ.

ಗಾಳಿಪಟ ಬರೆದದ್ದು:

ನೀಲಿಪೆನ್ನು ಅವರು ಹೇಳಿದ್ದು ಸರಿ. ಎರಡು ಕಾರ್ಡ್ ವಿಷಯಕ್ಕೆ ಬರೋಣ. ಲೆಕ್ಕ ಹೇಳೋದು ಜಾಸ್ತಿ ಬಡ್ಡಿಯದ್ದು ಮೊದಲು ಅಂತ. ಅಂದರೆ 3%ದ್ದು. ಆದರೆ ನಾನು ನಿಮ್ಮ ಜಾಗದಲ್ಲಿದ್ದರೆ ಚಿಕ್ಕದನ್ನು ಮೊದಲು ಮುಗಿಸುತ್ತಿದ್ದೆ. ದೊಡ್ಡದಕ್ಕೆ ಮಿನಿಮಮ್ ಕಟ್ಟಿ, ಉಳಿದದ್ದೆಲ್ಲ ಇದಕ್ಕೆ ಹಾಕಿದರೆ ನಾಲ್ಕು ತಿಂಗಳಲ್ಲಿ 12,000 ತೀರುತ್ತೆ. ಬಡ್ಡಿಯಲ್ಲಿ ಆಗೋ ನಷ್ಟ ಕೆಲವು ನೂರು ಅಷ್ಟೇ.

ಕಾರಣ ನಿಮ್ಮ ದಿನಸಿ. ಬಾಕಿ ಉಳಿಸಿಕೊಂಡ ಕಾರ್ಡಿಗೆ ಸಾಮಾನ್ಯವಾಗಿ ಬಡ್ಡಿ ಇಲ್ಲದ ದಿನಗಳು ಸಿಗಲ್ಲ. ಇವತ್ತು ಅಕ್ಕಿ ತಂದರೆ ಇವತ್ತಿಂದಲೇ ಬಡ್ಡಿ. ಡ್ಯೂ ಡೇಟ್ ತನಕ ಪುಕ್ಕಟೆ ಅಂತ ನಾವು ಅಂದುಕೊಂಡಿರುತ್ತೇವೆ, ಅದು ಹಿಂದಿನ ಬಿಲ್ ಪೂರ್ತಿ ಕಟ್ಟಿದವರಿಗೆ ಮಾತ್ರ. ಸಾಲ ತೀರುವ ತನಕ ದಿನಸಿ, ಪೆಟ್ರೋಲ್ ಎರಡೂ ಸಂಬಳದ ಖಾತೆಯಿಂದಲೇ ಆಗಲಿ. ಫೋನಿನ ಆಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ನಂಬರ್ ಕೂಡ ಅಳಿಸಿ. ಆ ಕಾರ್ಡಿಂದ ನಗದು ಮಾತ್ರ ಯಾವತ್ತೂ ತೆಗೀಬೇಡಿ. ಅದಕ್ಕೆ ಬಡ್ಡಿಯ ಜೊತೆ ಶುಲ್ಕವೂ ಬೀಳುತ್ತೆ.

ಇನ್ನೊಂದು. ಬಡ್ಡಿ ಲೆಕ್ಕ ಹಾಕೋದು ದಿನದಿನದ ಬಾಕಿ ಮೇಲೆ. ಸಂಬಳ 1ಕ್ಕೆ ಬಂದು ಡ್ಯೂ ಡೇಟ್ 20 ಇದ್ದರೆ, 20ರ ತನಕ ದುಡ್ಡು ಸುಮ್ನೆ ಖಾತೆಯಲ್ಲಿ ಇಟ್ಟುಕೊಳ್ಳಬೇಡಿ. ಆದರೆ ಸ್ಟೇಟ್‌ಮೆಂಟ್ ಬರೋದಕ್ಕೆ ಮುಂಚೆ ಕಟ್ಟಿದ್ದು ಆ ಸ್ಟೇಟ್‌ಮೆಂಟಿನ ಮಿನಿಮಮ್‌ಗೆ ಸೇರದೇ ಹೋಗಬಹುದು. ಸ್ಟೇಟ್‌ಮೆಂಟ್ ಬಂದ ಮೇಲೆ ಮಿನಿಮಮ್ ಅಷ್ಟಾದರೂ ಕಟ್ಟಿದ್ದೀರಾ ಅಂತ ನೋಡಿಕೊಳ್ಳಿ. ನನಗೆ ಒಮ್ಮೆ ಹೀಗೇ ದಂಡ ಬಿದ್ದಿತ್ತು.

ಕೈಗನ್ನಡಿ ಬರೆದದ್ದು:

ಕಡಿಮೆ ಬಡ್ಡಿಯ ಸಾಲ ಸಿಕ್ಕರೆ ಈ ಬಾಕಿಯನ್ನು ಅದಕ್ಕೆ ಬದಲಾಯಿಸಬಹುದು. ಕಾರ್ಡ್ ಕೊಟ್ಟ ಬ್ಯಾಂಕಿಗೇ ಫೋನ್ ಮಾಡಿ, ಬಾಕಿಯನ್ನು ಕಂತಿಗೆ ಹಾಕಿಕೊಡುತ್ತೀರಾ ಅಂತ ಕೇಳಿ. ಕೇಳೋಕೆ ಸಂಕೋಚ ಬೇಡ. ಬಡ್ಡಿಯ ಜೊತೆ ಶುಲ್ಕವನ್ನೂ ಕೂಡಿ ನೋಡಿ ಒಪ್ಪಿಕೊಳ್ಳಿ. ಖಾಲಿಯಾದ ಕಾರ್ಡನ್ನು ಮತ್ತೆ ತುಂಬಿಸೋದಾದರೆ ಮಾತ್ರ ಬೇಡ. ನಮ್ಮಣ್ಣನ ಮನೆಯಲ್ಲಿ ಹಾಗಾಗಿ ಎರಡೆರಡು ಸಾಲ ಆಯ್ತು.

ಪೂರ್ತಿ ಬಾಕಿ ಕಟ್ಟಿದ ಮುಂದಿನ ತಿಂಗಳೂ ಸ್ಟೇಟ್‌ಮೆಂಟ್ ತೆರೆದು ನೋಡಿ. ಬಿಲ್ ಬಂದ ದಿನದಿಂದ ನೀವು ಕಟ್ಟಿದ ದಿನದ ತನಕದ ಬಡ್ಡಿ ಚಿಕ್ಕದಾಗಿ ಬಂದಿರುತ್ತೆ. ಮುಗೀತು ಅಂತ ನೋಡದೆ ಬಿಟ್ಟರೆ ಅದಕ್ಕೂ ದಂಡ ಸೇರಬಹುದು.

ಮಳೆಹನಿ ಬರೆದದ್ದು:

ಎಲ್ಲರಿಗೂ ಕೈ ಮುಗಿದೆ. ಮಿನಿಮಮ್ ಇಳಿಯೋದು ಒಳ್ಳೆಯದು ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ. ಈಗ ಸ್ಟೇಟ್‌ಮೆಂಟ್ ತೆಗೆದು ನೋಡಿದೆ, 3,968 ಇದೆ.

ಚಿಕ್ಕ ಕಾರ್ಡ್ ಮೊದಲು ಮುಗಿಸುತ್ತೇನೆ. ಆಮೇಲೆ ಅದರ 600ನ್ನೂ ಸೇರಿಸಿ 7,600 ದೊಡ್ಡದಕ್ಕೆ. ದಿನಸಿ ಆಪಲ್ಲಿದ್ದ ಕಾರ್ಡ್ ಅಳಿಸಿದೆ. ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ, ತನ್ನಿಂದ ಸಾಲ ಆಯ್ತು ಅಂತ ನೊಂದುಕೊಳ್ಳುತ್ತಾಳೆ. ಹಾಗಾಗಿ ಹಾಳೆಯನ್ನು ಬೀರುವಿನಲ್ಲಿ ಅಂಟಿಸೋಕೆ ಆಗಲ್ಲ, ಆಫೀಸಿನ ಡ್ರಾಯರ್ ಒಳಗೆ ಅಂಟಿಸಿದ್ದೇನೆ. ಮೇಲೆ 77,000, ಅದರ ಪಕ್ಕದಲ್ಲಿ 12,000.